ಹಸಿರು ರಕ್ತ, ಹಿಟ್ಟಿನ ಕೋಳಿ: ವಿಡಿಯೋ ಆಟಗಳ ಒಂದು ಗುಣವಿಮರ್ಶೆ

ನಮ್ಮ ಮನೆಗಳಲ್ಲಿ ವಿಡಿಯೋ ಆಟಗಳ ವಿಷಯ ಬಂದಾಗಲೆಲ್ಲ ಮಾತು ಒಂದೇ ಜಾಡಿನಲ್ಲಿ ಸಾಗುತ್ತದೆ. ಮಗು ದಿನಕ್ಕೆ ಎಷ್ಟು ಹೊತ್ತು ಆಡುತ್ತದೆ, ಕಣ್ಣಿಗೆ ಎಷ್ಟು ಆಯಾಸ, ಪರೀಕ್ಷೆಯಲ್ಲಿ ಎಷ್ಟು ಅಂಕ ಇಳಿಯಿತು ಎಂಬಷ್ಟಕ್ಕೇ ಚರ್ಚೆ ಮುಗಿಯುತ್ತದೆ. ಕಾಲದ ಲೆಕ್ಕ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಪುಸ್ತಕದ ವಿಷಯದಲ್ಲಿ ನಾವು ಹೀಗೆ ಮಾತನಾಡುವುದಿಲ್ಲ. ಮಗಳು ಎರಡು ಗಂಟೆ ಓದಿದಳೆಂದರೆ ಏನನ್ನು ಓದಿದಳೆಂದು ಕೇಳುತ್ತೇವೆ. ಆ ಗ್ರಂಥ ಉತ್ತಮವೋ ಕ್ಷುಲ್ಲಕವೋ ಎಂದು ವಿಚಾರಿಸುತ್ತೇವೆ. ಆಟಕ್ಕೆ ಮಾತ್ರ ಈ ವಿವೇಚನೆಯನ್ನು ಅನ್ವಯಿಸದೆ, ಎಲ್ಲವನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಅಟ್ಟಕ್ಕೆ ಎಸೆಯುತ್ತೇವೆ. ಎಸೆದ ಮೂಟೆ ಅಟ್ಟದಲ್ಲಿ ಉಳಿಯುವುದಿಲ್ಲವೆಂಬುದು ಮಕ್ಕಳಿರುವ ಎಲ್ಲರಿಗೂ ತಿಳಿದ ಸಂಗತಿ.

ಆಟವೂ ಒಂದು ಕೃತಿ. ಅದಕ್ಕೆ ಕರ್ತೃವಿದ್ದಾನೆ, ಆಶಯವಿದೆ, ರಚನೆಯಿದೆ, ಗುಣದೋಷಗಳಿವೆ. ವಿಡಿಯೋ ಆಟಗಳು ಇನ್ನಷ್ಟು ಸಂತೋಷವನ್ನೂ ಸಾರ್ಥಕತೆಯನ್ನೂ ಕೊಡುವಂತಾಗಬೇಕಾದರೆ ಅವುಗಳಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಕೆಲವು ಪ್ರಸಿದ್ಧ ಆಟಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಪಾಠಶಾಲೆಗಳಿಗಾಗಿ ತಾವೇ ಆಟಗಳನ್ನು ಸಿದ್ಧಪಡಿಸಬೇಕೆಂಬ ಉತ್ಸಾಹವುಳ್ಳ ಸಂಸ್ಥೆಗಳಿಗೂ ಈ ಪರಿಶೀಲನೆ ಉಪಯುಕ್ತವಾದೀತೆಂದು ಭಾವಿಸಿದ್ದೇನೆ.

ಮೊದಲಿಗೆ ಸಂತೋಷ ಮತ್ತು ಬಹುಮಾನ ಎಂಬ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ೧೯೭೩ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಇವರು ಶಿಶುವಿಹಾರದ ಮಕ್ಕಳೊಡನೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದೆಂದರೆ ಸಹಜವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿ, ಅವರಲ್ಲಿ ಕೆಲವರಿಗೆ ‘ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮುಂಚೆಯೇ ಹೇಳಿದರು. ಇನ್ನು ಕೆಲವರಿಗೆ ಹೇಳದೆಯೇ ಕೊಟ್ಟರು. ಉಳಿದವರಿಗೆ ಏನನ್ನೂ ಕೊಡಲಿಲ್ಲ. ಕೆಲದಿನಗಳ ಬಳಿಕ ಅದೇ ಪೆನ್ನುಗಳನ್ನು ಮಕ್ಕಳ ಮುಂದಿರಿಸಿ ಸುಮ್ಮನೆ ಗಮನಿಸಿದಾಗ, ಪ್ರಶಸ್ತಿಯ ಭರವಸೆ ಪಡೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ ಪ್ರಶಸ್ತಿ ಪಡೆದವರ ಆಸಕ್ತಿ ಮಾತ್ರ ಕುಂದಿರಲಿಲ್ಲ. ಮುಂಚೆಯೇ ಒಪ್ಪಂದವಾದ ಬಹುಮಾನವು ಕ್ರಿಯೆಯಲ್ಲಿದ್ದ ಸಂತೋಷವನ್ನು ಕೂಲಿಯನ್ನಾಗಿ ಮಾಡಿಬಿಟ್ಟಿತ್ತು.

ಇಂದಿನ ಬಹುಪಾಲು ಮೊಬೈಲ್ ಆಟಗಳು ಈ ಕೂಲಿಯ ಮೇಲೆಯೇ ನಿಂತಿವೆ. ಪ್ರತಿದಿನ ಒಮ್ಮೆ ತೆರೆದರೆ ಇಷ್ಟು ನಾಣ್ಯ, ಏಳು ದಿನ ಬಿಡದೆ ತೆರೆದರೆ ಇನ್ನಷ್ಟು, ಒಂದು ದಿನ ತಪ್ಪಿದರೆ ಸರಪಳಿ ಕಡಿದು ಮತ್ತೆ ಮೊದಲಿನಿಂದ. ಇದರ ಮುಂದಿನ ಹಂತ ‘ಲೂಟ್ ಬಾಕ್ಸ್’ ಎಂಬ ಮುಚ್ಚಿದ ಪೆಟ್ಟಿಗೆ. ಒಳಗೇನಿದೆಯೆಂದು ತಿಳಿಯದೆ ಹಣ ಕೊಟ್ಟು ತೆರೆಯಬೇಕು. ಒಮ್ಮೆ ಬೆಲೆಬಾಳುವ ವಸ್ತು, ಹತ್ತು ಸಲ ಕಸ. ಬಿ. ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ ೧೯೫೭ರಷ್ಟು ಹಿಂದೆಯೇ ಪಾರಿವಾಳಗಳ ಮೇಲಿನ ತಮ್ಮ ಪ್ರಯೋಗಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ್ದರು. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆಂಬುದು ನಿಶ್ಚಿತವಾಗಿಲ್ಲದಾಗ ಪಕ್ಷಿಯು ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತದೆಂಬುದು ಅವರು ಕಂಡ ಸಂಗತಿಗಳಲ್ಲೊಂದು. ಪಾರಿವಾಳಕ್ಕೆ ಅದು ಆಟವಾಗಿತ್ತೆಂದು ಯಾರೂ ಹೇಳಲಾರರು. ಕೈಯಿಂದ ಫೋನನ್ನು ಕಿತ್ತುಕೊಂಡಾಗ ಮಗು ಅಳುವುದನ್ನು ಕಂಡು ‘ಅದಕ್ಕೆ ಆಟವೆಂದರೆ ಅಷ್ಟು ಪ್ರೀತಿ’ ಎನ್ನುವವರು ಈ ಭೇದವನ್ನು ಗಮನಿಸಬೇಕು.

ಸರಕಾರಗಳು ಕಣ್ಣುಮುಚ್ಚಿ ಕುಳಿತಿಲ್ಲ. ೨೦೧೮ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು ಕೆಲವು ಪ್ರಸಿದ್ಧ ಆಟಗಳ ಲೂಟ್ ಬಾಕ್ಸ್‌ಗಳನ್ನು ಕಾನೂನುಬಾಹಿರ ಜೂಜೆಂದು ಘೋಷಿಸಿತು. ಕರ್ನಾಟಕವು ಆನ್‌ಲೈನ್ ಪಣದಾಟಗಳ ವಿರುದ್ಧ ೨೦೨೧ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ೨೦೨೨ರ ಫೆಬ್ರುವರಿಯಲ್ಲಿ ಉಚ್ಚ ನ್ಯಾಯಾಲಯ ರದ್ದುಗೊಳಿಸಿತು; ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆದರೆ ಪಣವಿಲ್ಲದ ಆಟಗಳಲ್ಲಿ ಯಾವುದು ಒಳ್ಳೆಯದೆಂದು ಕಾಯಿದೆ ಹೇಳಲಾರದು. ಅದು ವಿಮರ್ಶೆಯ ಕೆಲಸ.

ಹಾಗಾದರೆ ನೀತಿಬೋಧೆಯನ್ನು ತುಂಬಿದ ಆಟ ಒಳ್ಳೆಯ ಆಟವಾಗುತ್ತದೆಯೇ? ನಮ್ಮಲ್ಲಿ ಬಹಳ ಮಂದಿ ಹಾಗೆ ನಂಬಿದ್ದಾರೆ. ಇದಕ್ಕೆ ಪ್ರಾಚೀನ ನಿದರ್ಶನವೊಂದು ಮನೆಯಲ್ಲೇ ಇದೆ. ಇಂದು ಹಾವು ಏಣಿಯೆಂದು ಮಕ್ಕಳು ಆಡುವ ಆಟದ ಪೂರ್ವರೂಪವಾದ ಜ್ಞಾನ ಚೌಪಡದಲ್ಲಿ ಪ್ರತಿಯೊಂದು ಮನೆಗೂ ಒಂದು ಗುಣದ ಅಥವಾ ದೋಷದ ಹೆಸರಿತ್ತು. ಪಶ್ಚಿಮ ಭಾರತದ ಜೈನರಲ್ಲಿ ಪ್ರಚಲಿತವಿದ್ದ ಪಟಗಳು ಸಾಮಾನ್ಯವಾಗಿ ೮೪ ಮನೆಗಳವು, ಮೇಲ್ತುದಿಯಲ್ಲಿ ಸಿದ್ಧಶಿಲೆ. ಪಟದ ಚಿತ್ರಗಾರಿಕೆ ಮನೋಹರ, ಆಶಯ ಉದಾತ್ತ. ಆದರೂ ಆಟದ ದೃಷ್ಟಿಯಿಂದ ಒಂದು ಮಾತನ್ನು ಹೇಳಲೇಬೇಕು. ಕವಡೆ ಬಿದ್ದಂತೆ ಕಾಯಿ ನಡೆಯುತ್ತದೆ. ಆಡುವವನು ಯಾವುದನ್ನೂ ಆರಿಸುವುದಿಲ್ಲ. ಕ್ರೋಧದ ಮನೆಗೆ ಬಂದವನು ಕೋಪಗೊಂಡು ಬಂದವನಲ್ಲ, ದಯೆಯ ಏಣಿ ಹತ್ತಿದವನು ಯಾರಿಗೂ ದಯೆ ತೋರಿದವನಲ್ಲ. ಹಿರಿಯರು ಪಕ್ಕದಲ್ಲಿ ಕುಳಿತು ಪ್ರತಿ ಮನೆಯ ಹೆಸರನ್ನು ವಿವರಿಸುತ್ತಿದ್ದಾಗ ಆ ಪಟ ಪಾಠವಾಗುತ್ತಿತ್ತು; ಹಿರಿಯರೆದ್ದು ಹೋದ ಮೇಲೆ ಉಳಿಯುತ್ತಿದ್ದುದು ಹಾವು ಮತ್ತು ಏಣಿ ಮಾತ್ರ. ಇಂಗ್ಲೆಂಡಿಗೆ ಹೋದ ಆಟ ಕ್ರಮೇಣ ಹೆಸರುಗಳನ್ನೆಲ್ಲ ಕಳಚಿಕೊಂಡು, ಆಟದ ರೀತಿಯಲ್ಲಿ ಸ್ವಲ್ಪವೂ ಊನವಾಗದೆ ಮುಂದುವರಿದುದು ಇದಕ್ಕೆ ಸಾಕ್ಷಿ. ಪ್ರಶ್ನೋತ್ತರದ ರೂಪದಲ್ಲಿ ತೀರ್ಥಂಕರರ ಲಾಂಛನಗಳನ್ನು ಕೇಳಿ ಸರಿಯುತ್ತರಕ್ಕೆ ನಕ್ಷತ್ರ ಕೊಡುವ ಆಟಗಳನ್ನು ಮಾಡಹೊರಟವರು ಈ ಪಟದ ಚರಿತ್ರೆಯನ್ನು ಒಮ್ಮೆ ನೆನೆಯಬೇಕು.

ಬೋಧೆಯನ್ನು ಹೆಸರಿನಲ್ಲಿಡದೆ ಆಟದ ನಿಯಮದಲ್ಲೇ ಇಡಲು ಸಾಧ್ಯವೇ ಎಂಬುದನ್ನು ಗಂಭೀರವಾಗಿ ಪರೀಕ್ಷಿಸಿದ ಆಟಗಳಲ್ಲಿ ಅಮೆರಿಕದ ರಿಚರ್ಡ್ ಗ್ಯಾರಿಯಟ್ ೧೯೮೫ರಲ್ಲಿ ಹೊರತಂದ ‘ಅಲ್ಟಿಮಾ ೪’ ಮುಖ್ಯವಾದುದು. ಅದರ ಉಪಶೀರ್ಷಿಕೆಯಲ್ಲಿ ‘ಅವತಾರ್’ ಎಂಬ ನಮ್ಮ ಪದವೇ ಇದೆ. ಅವರ ಹಿಂದಿನ ಆಟಗಳಲ್ಲಿ ಆಟಗಾರರು ಊರವರನ್ನು ದೋಚಿ, ಕೊಂದು, ಕೊನೆಗೆ ದುಷ್ಟನೊಬ್ಬನನ್ನು ಸಂಹರಿಸಿ ವೀರರೆನಿಸಿಕೊಳ್ಳುತ್ತಿದ್ದರು. ಆಡಿದವರು ಮತ್ತು ಅವರ ತಂದೆತಾಯಿಗಳು ಬರೆದ ಪತ್ರಗಳನ್ನೋದಿದ ಮೇಲೆ ಗ್ಯಾರಿಯಟ್ ಅವರಿಗೆ ಇದು ಸರಿಯಲ್ಲವೆನಿಸಿತು. ‘ಅಲ್ಟಿಮಾ ೪’ರಲ್ಲಿ ಕೊಲ್ಲಬೇಕಾದ ಅಂತಿಮ ಶತ್ರುವೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಆಧ್ಯಾತ್ಮಿಕತೆ, ವಿನಯ ಎಂಬ ಎಂಟು ಗುಣಗಳಲ್ಲಿ ಪರಿಪೂರ್ಣತೆ ಪಡೆಯುವುದೇ ಗುರಿ. ಪ್ರತಿಯೊಂದು ಗುಣಕ್ಕೂ ಒಂದೊಂದು ಗುಡಿ, ಅಲ್ಲಿ ಕುಳಿತು ಜಪಿಸಲು ಒಂದೊಂದು ಮಂತ್ರ.

ಈ ಆಟದ ಒಂದು ಸನ್ನಿವೇಶ ಮಾತ್ರ ಇಡೀ ಕೃತಿಯ ಬೆಲೆಯನ್ನು ಹೇಳಬಲ್ಲದು. ಗಿಡಮೂಲಿಕೆ ಮಾರುವವಳು ಕುರುಡಿ. ಕೊಂಡ ವಸ್ತುವಿಗೆ ಎಷ್ಟು ನಾಣ್ಯ ಕೊಡುತ್ತೀರೆಂಬುದನ್ನು ನೀವೇ ಎಣಿಸಿ ಕೊಡಬೇಕು. ಕಡಿಮೆ ಕೊಟ್ಟರೂ ಅವಳು ಸ್ವೀಕರಿಸಿ ವಂದಿಸುತ್ತಾಳೆ. ಪರದೆಯ ಮೇಲೆ ಎಚ್ಚರಿಕೆಯಿಲ್ಲ, ದಂಡವಿಲ್ಲ. ಆದರೆ ಒಳಗೆಲ್ಲೋ ಪ್ರಾಮಾಣಿಕತೆಯ ಲೆಕ್ಕ ಇಳಿದಿರುತ್ತದೆ. ಬಹಳ ದೂರ ನಡೆದ ಮೇಲೆ, ಅರಮನೆಯಲ್ಲಿರುವ ಜ್ಞಾನಿಯೊಬ್ಬನನ್ನು ತಾನಾಗಿ ಕೇಳಿದಾಗ ಮಾತ್ರ ಆಟಗಾರನಿಗೆ ತನ್ನ ಸ್ಥಿತಿ ತಿಳಿಯುತ್ತದೆ. ಕರ್ಮಕ್ಕೂ ಫಲಕ್ಕೂ ನಡುವೆ ಇಷ್ಟು ಅಂತರವಿಟ್ಟು, ಆ ಅವಧಿಯಲ್ಲಿ ಆಟಗಾರನನ್ನು ಅವನ ಪಾಡಿಗೆ ಬಿಡುವ ಧೈರ್ಯ ಇಂದಿನ ಆಟಗಳಲ್ಲಿ ಅಪರೂಪ. ಈಗ ಬೆರಳಿಟ್ಟಲ್ಲೆಲ್ಲ ಚಪ್ಪಾಳೆಯ ಸದ್ದು ಕೇಳಿಸಬೇಕು.

ಆದರೂ ಕೃತಿ ನಿರ್ದುಷ್ಟವಲ್ಲ. ಗುಣವನ್ನು ಅಂಕಿಯಿಂದ ಅಳೆಯುವ ಯಂತ್ರ ಒಳಗೆ ಓಡುತ್ತಿರುವುದರಿಂದ, ಅದರ ಗುಟ್ಟನ್ನರಿತ ಆಟಗಾರ ಭಿಕ್ಷುಕನಿಗೆ ನಾಣ್ಯ ಕೊಡುವುದು ಭಿಕ್ಷುಕನಿಗಾಗಿ ಅಲ್ಲ, ಕರುಣೆಯ ಅಂಕ ಏರಲೆಂದು. ದಾನದ ಹೆಸರನ್ನು ಗೋಡೆಯ ಅಮೃತಶಿಲೆಯಲ್ಲಿ ಕೆತ್ತಿಸುವ ನಮಗೆ ಈ ದೋಷ ಅಪರಿಚಿತವೇನಲ್ಲ. ಇನ್ನೊಂದು ಕೊರತೆ: ದುಷ್ಟವೆಂದು ಗುರುತಿಸಿದ ಪ್ರಾಣಿಗಳನ್ನು ಕೊಲ್ಲುವುದರಿಂದ ಶೌರ್ಯ ವೃದ್ಧಿಸುತ್ತದೆ. ಓಡಿಹೋಗುವ ನಿರಪರಾಧಿ ಪ್ರಾಣಿಯನ್ನು ಬಿಟ್ಟರೆ ಕರುಣೆ ಹೆಚ್ಚುತ್ತದೆಂಬ ಸೂಕ್ಷ್ಮವನ್ನು ಕಂಡ ಕರ್ತೃ, ದುಷ್ಟತ್ವದ ಹಣೆಪಟ್ಟಿಯನ್ನು ಯಾರು ಹಚ್ಚಿದರೆಂದು ಪ್ರಶ್ನಿಸಲಿಲ್ಲ.

ಇಲ್ಲಿಗೆ ನಾವು ಕೊಲ್ಲುವ ಪ್ರಶ್ನೆಗೆ ಬಂದೆವು. ನಮ್ಮ ಕುಟುಂಬಗಳನ್ನು ಹೆಚ್ಚು ಕಾಡುವ ಪ್ರಶ್ನೆ ಇದೇ. ಭಾರತದಲ್ಲಿ ಪಬ್‌ಜಿ ಮೊಬೈಲ್ ಆಟವನ್ನು ೨೦೨೦ರ ಸೆಪ್ಟೆಂಬರ್‌ನಲ್ಲಿ ಮಾಹಿತಿ ಸುರಕ್ಷತೆಯ ಕಾರಣದಿಂದ ನಿಷೇಧಿಸಲಾಯಿತು. ಅದು ೨೦೨೧ರಲ್ಲಿ ಬೇರೆ ಹೆಸರಿನಿಂದ, ಭಾರತಕ್ಕೆಂದೇ ಮಾರ್ಪಟ್ಟು ಮರಳಿದಾಗ ಗುಂಡು ತಗುಲಿದವರ ಮೈಯಿಂದ ಹಸಿರು ಬಣ್ಣದ ರಕ್ತ ಚಿಮ್ಮುತ್ತಿತ್ತು. ಕೆಂಪು ಹಸಿರಾದುದರಿಂದ ಆಟ ಸೌಮ್ಯವಾಯಿತೆಂದು ಯಾರೋ ನಿರ್ಧರಿಸಿದ್ದರು.

ಜನ್ನನ ಯಶೋಧರ ಚರಿತೆಯನ್ನು (೧೨೦೯) ಬಲ್ಲ ವಾಚಕರಿಗೆ ಈ ಉಪಾಯ ಎಲ್ಲೋ ಕೇಳಿದಂತೆ ತೋರದಿರದು. ತಾಯಿ ಚಂದ್ರಮತಿಯ ಒತ್ತಾಯಕ್ಕೂ ಜೀವವಧೆಯ ಭೀತಿಗೂ ನಡುವೆ ಸಿಕ್ಕಿದ ಯಶೋಧರನು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಜೀವವಿಲ್ಲದ ಹಿಟ್ಟು, ಆದರೂ ಕತ್ತಿ ಎತ್ತಿದವನ ಮನಸ್ಸಿನಲ್ಲಿ ಅದು ಕೋಳಿಯೇ ಆಗಿತ್ತು. ಆ ಸಂಕಲ್ಪಕ್ಕಾಗಿ ತಾಯಿ ಮಗ ಜನ್ಮಜನ್ಮಾಂತರ ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ. ಹಾಗೆಂದು ಪರದೆಯ ಮೇಲಿನ ಪ್ರತಿಯೊಂದು ಹೊಡೆತವನ್ನೂ ಹಿಟ್ಟಿನ ಕೋಳಿಯೆಂದು ಕರೆಯುವುದು ಆತುರದ ತೀರ್ಪು. ಚದುರಂಗದಲ್ಲಿ ಆನೆ ಕುದುರೆಗಳನ್ನು ಹೊಡೆಯುತ್ತೇವೆ. ಅದನ್ನು ಯಾರೂ ಭಾವಹಿಂಸೆಯೆನ್ನುವುದಿಲ್ಲ, ಏಕೆಂದರೆ ಅಲ್ಲಿ ಕಾಯಿ ಕಾಯಿಯಾಗಿಯೇ ಉಳಿಯುತ್ತದೆ. ಯಶೋಧರನ ದೋಷವಿದ್ದುದು ಹಿಟ್ಟನ್ನು ಜೀವವೆಂದು ಭಾವಿಸಿ ಕಡಿದುದರಲ್ಲಿ. ಆದ್ದರಿಂದ ಆಟವನ್ನು ಪರೀಕ್ಷಿಸುವಾಗ ರಕ್ತದ ಬಣ್ಣವನ್ನು ಬಿಟ್ಟು ಬೇರೊಂದು ಪ್ರಶ್ನೆ ಕೇಳಬೇಕು: ಎದುರಿಗಿರುವುದನ್ನು ಜೀವವೆಂದು ನಂಬುವಂತೆ ಮಾಡಿ, ಬಳಿಕ ಅದರ ನಾಶದಲ್ಲೇ ಸುಖಪಡುವಂತೆ ಈ ಆಟ ಆಡುವವನನ್ನು ಪಳಗಿಸುತ್ತಿದೆಯೇ?

ಈ ಪ್ರಶ್ನೆಯನ್ನೇ ತನ್ನ ವಸ್ತುವನ್ನಾಗಿ ಮಾಡಿಕೊಂಡ ಆಟವೊಂದಿದೆ. ಅಮೆರಿಕದ ತರುಣ ಟೋಬಿ ಫಾಕ್ಸ್ ಬಹುಮಟ್ಟಿಗೆ ಒಬ್ಬನೇ ಕುಳಿತು ರಚಿಸಿ ೨೦೧೫ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ ‘ಅಂಡರ್‌ಟೇಲ್’. ಚಿತ್ರಗಳು ಹಳೆಯ ಕಾಲದ ಆಟಗಳಂತೆ ಒರಟು ಚೌಕಗಳಿಂದಾದವು. ವೈಭವವನ್ನು ನಿರೀಕ್ಷಿಸುವವರಿಗೆ ಮೊದಲ ನೋಟದಲ್ಲಿ ನಿರಾಶೆಯಾಗಬಹುದು. ಪಾತಾಳದಲ್ಲಿ ಬಂಧಿತರಾದ ವಿಚಿತ್ರ ಜೀವಿಗಳ ಲೋಕಕ್ಕೆ ಮಗುವೊಂದು ಬಿದ್ದು, ಹೊರಬರುವ ದಾರಿ ಹುಡುಕುವುದು ಕಥೆ. ಎದುರಾದ ಪ್ರತಿಯೊಂದು ಜೀವಿಯ ಮುಂದೆಯೂ ಆಟಗಾರನಿಗೆ ಹೊಡೆಯುವ ದಾರಿಯಿದೆ. ಮಾತನಾಡಿಸುವ, ನಗಿಸುವ, ಸವರುವ ದಾರಿಯೂ ಇದೆ. ಕ್ಷಮಿಸಿ ಕಳುಹಿಸುವ ಗುಂಡಿಯೂ ಇದೆ. ಯಾರನ್ನೂ ಕೊಲ್ಲದೆ ಇಡೀ ಆಟವನ್ನು ಮುಗಿಸಬಹುದು.

ಇಷ್ಟೇ ಆಗಿದ್ದರೆ ಅದೊಂದು ಸಜ್ಜನಿಕೆಯ ಆಟವೆಂದು ಹೊಗಳಿ ಮುಂದೆ ಹೋಗಬಹುದಿತ್ತು. ಇದರ ಹೆಚ್ಚುಗಾರಿಕೆ ಇರುವುದು ಅಹಿಂಸೆಯನ್ನು ಸುಲಭವಾಗಿಸದಿರುವುದರಲ್ಲಿ. ಕೊಂದವನಿಗೆ ಅಂಕ ಏರುತ್ತದೆ, ಶಕ್ತಿ ಹೆಚ್ಚುತ್ತದೆ, ಮುಂದಿನ ಕದನ ಹಗುರವಾಗುತ್ತದೆ. ಕೊಲ್ಲದವನು ಮೊದಲ ದಿನದ ೨೦ ಅಂಶ ಪ್ರಾಣಶಕ್ತಿಯೊಂದಿಗೇ ಕೊನೆಯವರೆಗೂ ನಡೆಯಬೇಕು. ಅವನು ಹೊಡೆಯದಿದ್ದರೂ ಎದುರಾಳಿ ಹೊಡೆಯುತ್ತಲೇ ಇರುತ್ತಾನೆ. ಹಾರಿ ಬರುವ ಅಸ್ತ್ರಗಳಿಂದ ತಪ್ಪಿಸಿಕೊಳ್ಳುವ ಚಾಕಚಕ್ಯತೆ ಅವನಿಗೆ ಹೆಚ್ಚು ಬೇಕು. ಹಾಗಾದರೆ ಅವನಿಗೆ ದೊರೆಯುವುದೇನು? ಎದುರಿನ ಜೀವಿಯ ಪರಿಚಯ. ನಾಚಿಕೆಯಿಂದ ಹಾಡಲಾರದ ಒಂದು ಜೀವಿಯ ಮುಂದೆ ನಾವು ಗುನುಗಿದರೆ ಅದು ಮೆಲ್ಲನೆ ದನಿಗೂಡಿಸುತ್ತದೆ. ಮತ್ತೆ ಗುನುಗಿದರೆ ಕೇಳಲು ಜನ ಸೇರುತ್ತಾರೆ. ಕಾವಲಿನ ನಾಯಿಯೊಂದನ್ನು ಸವರಿದಷ್ಟೂ ಅದರ ಕತ್ತು ಉದ್ದವಾಗುತ್ತ ಪರದೆಯನ್ನೇ ಮೀರುತ್ತದೆ. ಈ ಹಾಸ್ಯವನ್ನಾಗಲಿ ಆ ಸಂಗೀತವನ್ನಾಗಲಿ ಹೊಡೆದವನು ಕಾಣಲಾರ. ಬಹುಮಾನವು ಕ್ರಿಯೆಯಿಂದ ಬೇರೆಯಾಗಿ ಪಕ್ಕದಲ್ಲಿ ಕಾದು ಕುಳಿತಿಲ್ಲ, ಕ್ರಿಯೆಯ ಒಳಗೇ ಇದೆ. ಆಟಗಳನ್ನು ಹೇಗೆ ಹೆಚ್ಚು ಸಾರ್ಥಕಗೊಳಿಸಬಹುದೆಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ನಾಯಿಯನ್ನು.

ಆರಂಭದಲ್ಲಿ ಮಗುವನ್ನು ಕೈಹಿಡಿದು ನಡೆಸಿ, ಉಪಚರಿಸಿ, ತನ್ನಲ್ಲೇ ಉಳಿಯೆಂದು ಬೇಡುವ ತೋರಿಯೆಲ್ ಎಂಬ ತಾಯಿಯಂಥ ಪಾತ್ರವಿದೆ. ಹೊರಡುವ ಹಟ ಹಿಡಿದಾಗ ಅವಳೇ ಅಡ್ಡ ನಿಂತು ಹೋರಾಡುತ್ತಾಳೆ. ಕ್ಷಮೆಯ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಎರಡು ಸಲ, ಮೂರು ಸಲ ಒತ್ತಿದರೂ ಅವಳು ಮೌನ. ಹೊಡೆಯುವುದೊಂದೇ ದಾರಿಯೆಂದು ಅನೇಕರು ಭಾವಿಸಿ ಅವಳನ್ನು ಕೊಲ್ಲುತ್ತಾರೆ. ಪಶ್ಚಾತ್ತಾಪಪಟ್ಟು ಆಟವನ್ನು ಹಿಂದಕ್ಕೆ ತಿರುಗಿಸಿ ಈ ಸಲ ಉಳಿಸುತ್ತಾರೆ. ಬೇರೆ ಯಾವ ಆಟದಲ್ಲಾದರೂ ಅಲ್ಲಿಗೆ ಪಾಪಪರಿಹಾರವಾಗುತ್ತಿತ್ತು. ಇಲ್ಲಿ ಸ್ವಲ್ಪ ಮುಂದೆ ಒಂದು ಕುಟಿಲ ಹೂವು ಎದುರಾಗಿ, ನೀನು ಮೊದಲು ಅವಳನ್ನು ಕೊಂದಿದ್ದನ್ನು ನಾನು ಬಲ್ಲೆನೆಂಬ ಅರ್ಥದ ಮಾತನಾಡುತ್ತದೆ. ಅಳಿಸಿದೆನೆಂದುಕೊಂಡದ್ದು ಅಳಿದಿಲ್ಲ. ಎಲ್ಲರನ್ನೂ ಹುಡುಕಿ ಹುಡುಕಿ ಕೊಂದು ಮುಗಿಸಿದವನಿಗಂತೂ, ಮುಂದೆಂದಾದರೂ ಶಾಂತಿಯ ದಾರಿಯಲ್ಲಿ ಆಡಿದರೂ ಕೊನೆಯ ದೃಶ್ಯದಲ್ಲಿ ಕಲೆ ಉಳಿದೇ ಇರುತ್ತದೆ. ಅಂತ್ಯದ ಸಮೀಪದಲ್ಲಿ ಇನ್ನೊಂದು ಗುಟ್ಟು ಹೊರಬೀಳುತ್ತದೆ. ಇತರ ಆಟಗಳ ರೂಢಿಯಂತೆ ‘ಅನುಭವ’ದ ಅಂಕವೆಂದು ನಾವು ಓದಿಕೊಂಡಿದ್ದ ಅಕ್ಷರಗಳು ನಿಜವಾಗಿ ವಧೆಯ ಲೆಕ್ಕವಾಗಿದ್ದವು, ಮಟ್ಟವೆಂದು ತಿಳಿದದ್ದು ಹಿಂಸೆಯ ಮಟ್ಟವಾಗಿತ್ತು. ನಾಲ್ಕು ದಶಕಗಳಿಂದ ಆಟಗಳಲ್ಲಿ ಬಳಕೆಯಾಗುತ್ತಿದ್ದ ಪದವನ್ನು ಹೀಗೆ ತಿರುಗಿಸಿ ತೋರಿದ್ದು ಈ ಕೃತಿಯ ಅತಿ ತೀಕ್ಷ್ಣವಾದ ವಿಮರ್ಶೆ.

ದೋಷವನ್ನೂ ಹೇಳಬೇಕು. ಈ ಆಟದಲ್ಲಿ ಅತ್ಯಂತ ಪ್ರಸಿದ್ಧವಾದ, ಕೌಶಲದ ಪರೀಕ್ಷೆಯೆಂದು ಎಲ್ಲರೂ ಕೊಂಡಾಡುವ ಕದನ ಸರ್ವಸಂಹಾರದ ದಾರಿಯಲ್ಲಿ ಮಾತ್ರ ದೊರೆಯುತ್ತದೆ. ಕರ್ತೃ ಆ ದಾರಿಯನ್ನು ಖಂಡಿಸುತ್ತಲೇ ಅದರ ಕೊನೆಯಲ್ಲಿ ತನ್ನ ಉತ್ತಮ ಕುಸುರಿಯನ್ನು ಇಟ್ಟಿದ್ದಾನೆ. ಕುತೂಹಲದಿಂದ ಕೊಂದವನನ್ನು ಗದರಿಸುವ ಆಟ ಆ ಕುತೂಹಲವನ್ನು ಕೆರಳಿಸಿದ್ದೂ ತಾನೇ ಅಲ್ಲವೇ? ಇದಕ್ಕೆ ಸಮಾಧಾನಕರವಾದ ಉತ್ತರ ನನಗೆ ಕೃತಿಯೊಳಗೆ ಕಾಣಲಿಲ್ಲ. ಅಲ್ಲದೆ ಇತರ ಆಟಗಳನ್ನು ಆಡಿ ಬಲ್ಲವರಿಗೆ ನಾಟುವಷ್ಟು ಇದರ ವ್ಯಂಗ್ಯ ಹೊಸಬರಿಗೆ ನಾಟದು. ಕೆಲವು ದೃಶ್ಯಗಳು ಭೀಕರವಾಗಿರುವುದರಿಂದ ತೀರ ಎಳೆಯ ಮಕ್ಕಳಿಗೆ ಇದು ತಕ್ಕುದಲ್ಲ; ಹದಿಮೂರು ಹದಿನಾಲ್ಕರ ಮಕ್ಕಳು ಹಿರಿಯರೊಡನೆ ಆಡುವುದು ಲೇಸು.

ನಿಯಮವನ್ನು ಬದಲಿಸಿದರೆ ಆಡುವವರ ನಡತೆಯೂ ಬದಲಾಗುತ್ತದೆಂಬುದಕ್ಕೆ ೨೦೧೨ರಲ್ಲಿ ಬಂದ ‘ಜರ್ನಿ’ ಸ್ಪಷ್ಟ ಸಾಕ್ಷಿ. ಮರುಭೂಮಿಯಲ್ಲಿ ಬೆಟ್ಟದ ಕಡೆಗೆ ನಡೆಯುವ ಯಾತ್ರಿಕನ ಆಟವದು. ದಾರಿಯಲ್ಲಿ ಎಲ್ಲಿಯೋ ಕುಳಿತು ಆಡುತ್ತಿರುವ ಇನ್ನೊಬ್ಬ ಅಪರಿಚಿತ ಜೊತೆಯಾಗುತ್ತಾನೆ; ಹೆಸರು ತಿಳಿಯದು, ಮಾತಿಲ್ಲ, ಒಂದು ಸ್ವರದ ಕೂಗು ಮಾತ್ರ. ನಿರ್ದೇಶಕ ಜೆನೋವಾ ಚೆನ್ ಹೇಳಿರುವಂತೆ, ಮೊದಲ ಪ್ರಯೋಗಗಳಲ್ಲಿ ಆಟಗಾರರು ಪರಸ್ಪರ ಸಹಾಯ ಮಾಡುವ ಬದಲು ಒಬ್ಬರನ್ನೊಬ್ಬರು ತಳ್ಳಿ ಬೀಳಿಸುತ್ತಿದ್ದರು. ತಂಡವು ಯಾರಿಗೂ ಉಪದೇಶ ಮಾಡಲಿಲ್ಲ. ತಳ್ಳುವ ಸಾಧ್ಯತೆಯನ್ನೇ ತೆಗೆದುಹಾಕಿ, ಹತ್ತಿರ ಬಂದು ತಗುಲಿದರೆ ಇಬ್ಬರಿಗೂ ಹಾರುವ ಶಕ್ತಿ ತುಂಬುವಂತೆ ಮಾಡಿತು. ಅದೇ ಜನ ಜೊತೆಜೊತೆಯಾಗಿ ನಡೆಯತೊಡಗಿದರು. ಸುಮಾರು ಎರಡು ಗಂಟೆಗಳಲ್ಲಿ ಈ ಆಟ ಮುಗಿಯುತ್ತದೆ. ಮುಗಿಯುವುದೂ ಒಂದು ಗುಣವೇ. ಎಂದೂ ಮುಗಿಯದಂತೆ ಹೆಣೆದ ಆಟದಲ್ಲಿ ತೃಪ್ತಿಗೆ ಸ್ಥಳವಿಲ್ಲ, ತೃಪ್ತನಾದವನು ನಾಳೆ ಬಾರನೆಂಬ ಭಯ ಮಾರುವವನಿಗಿರುತ್ತದೆ.

ಇನ್ನು ನಮ್ಮ ನಾಡಿಗೆ ಸಂಬಂಧಿಸಿದ, ನನ್ನನ್ನು ಹೆಚ್ಚು ಯೋಚನೆಗೀಡು ಮಾಡಿದ ವಿಷಯ ಬೇರೆಯೇ ಇದೆ. ‘ಅಂಡರ್‌ಟೇಲ್’ ಅಧಿಕೃತವಾಗಿ ಇಂಗ್ಲಿಷ್ ಮತ್ತು ಜಪಾನಿ ಭಾಷೆಗಳಲ್ಲಿ ಬಂದಿದೆ, ಕನ್ನಡದಲ್ಲಿಲ್ಲ. ಹೊಡೆಯುವ ಗುಂಡಿಯನ್ನು ಒತ್ತಲು ಯಾವ ಭಾಷೆಯೂ ಬೇಕಿಲ್ಲ. ಆದರೆ ಎದುರಿನ ಜೀವಿಗೆ ಏನು ಬೇಕೆಂದು ತಿಳಿದು ಅದನ್ನು ಸಮಾಧಾನಪಡಿಸಬೇಕಾದರೆ ಅದರ ಮಾತನ್ನು ಓದಬೇಕು, ಹಾಸ್ಯವನ್ನು ಗ್ರಹಿಸಬೇಕು. ಇಂಗ್ಲಿಷನ್ನು ತಡವರಿಸಿ ಓದುವ ಹಳ್ಳಿಯ ಮಗುವಿಗೆ ಈ ಆಟದಲ್ಲಿ ಕರುಣೆಯ ಬಾಗಿಲು ಅರ್ಧ ಮುಚ್ಚಿಯೇ ಇರುತ್ತದೆ, ಹಿಂಸೆಯ ಬಾಗಿಲು ಪೂರ್ಣ ತೆರೆದಿರುತ್ತದೆ. ಗುಂಡು ಹಾರಿಸುವ ಆಟಗಳು ನಮ್ಮ ಮಕ್ಕಳನ್ನು ಅಷ್ಟು ಬೇಗ ತಲಪುವುದಕ್ಕೆ ಇದೂ ಒಂದು ಕಾರಣವಿರಬೇಕು.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ನಾವು ಸಭೆಗಳಲ್ಲಿ ಸ್ಮರಿಸುತ್ತೇವೆ. ಹೊಸ ಆಟವನ್ನು ತಾವೇ ಮಾಡಿಸಹೊರಟು ಪ್ರಶ್ನೋತ್ತರದ ನಕ್ಷತ್ರಗಳಲ್ಲಿ ಮುಗಿಸುವ ಬದಲು, ಈಗಾಗಲೇ ಇರುವ ಒಂದು ಉತ್ತಮ ಆಟದ ಕನ್ನಡ ಅನುವಾದಕ್ಕೆ ಕರ್ತೃವಿನ ಅನುಮತಿ ಪಡೆದು ನೆರವು ನೀಡುವುದು ಟ್ರಸ್ಟ್‌ಗಳು ಯೋಚಿಸಬಹುದಾದ ಕಾರ್ಯ. ಕೆಲಸ ಸಣ್ಣದಲ್ಲ. ಹಾಸ್ಯವನ್ನು ಕನ್ನಡದ ಹಾಸ್ಯವನ್ನಾಗಿಸಬಲ್ಲ ಅನುವಾದಕ ಬೇಕು. ಆ ನಾಚಿಕೆಯ ಹಾಡುಗಾರ್ತಿಯ ತೊದಲು ಮಾತು, ಕುಟಿಲ ಹೂವಿನ ನಯವಂಚನೆ ಬೇರೆ ಬೇರೆಯಾಗಿಯೇ ಕೇಳಿಸಬೇಕು. ಅಕ್ಷರದ ತೊಡಕೂ ಉಂಟು. ಒರಟು ಚೌಕಗಳ ಆ ಪುಟ್ಟ ಪರದೆಯಲ್ಲಿ ನಮ್ಮ ಒತ್ತಕ್ಷರಗಳು ಕೆಳಗೆ ಹೆಚ್ಚು ಜಾಗ ಕೇಳುತ್ತವೆ. ಇಂಗ್ಲಿಷಿನ ಮೂರು ಸಾಲು ಹಿಡಿಯುವ ಚೌಕಟ್ಟಿನಲ್ಲಿ ಕನ್ನಡದ ಎರಡು ಸಾಲು ಹಿಡಿಸಿದರೆ ಹೆಚ್ಚು. ಮಾತುಗಳನ್ನು ಆ ಅಳತೆಗೆ ಕತ್ತರಿಸಬೇಕಾಗುತ್ತದೆ, ಇಲ್ಲವೇ ಚೌಕಟ್ಟನ್ನು ಹಿಗ್ಗಿಸಬೇಕಾಗುತ್ತದೆ. ಎರಡನೆಯದನ್ನೇ ನಾನು ಆರಿಸುತ್ತೇನೆ.